ಗೋವಿನಜೋಳದ ಒಳಗೆ ಯಾರಿದ್ದಾರೋ

ಮೌಂಟ್ ಹೋರೆಬ್, ವಿಸ್ಕಾನ್ಸಿನ್
4 ಡಿಸೆಂಬರ್ 2019

ಪ್ರೀತಿಯ ಅಣ್ಣನಿಗೆ,

ಈ ಕಾಗದವನ್ನು ಕೈಯಿಂದಲೇ ಬರೆದು, ಒಂದೊಂದು ಹಾಳೆಯ ಫೋಟೊ ತೆಗೆದು ಸಣ್ಣವನ ವಾಟ್ಸ್ಯಾಪಿಗೆ ಕಳಿಸುತ್ತೇನೆ. ಅವನು ಓದಿ ಹೇಳಲಿ. ನೀನು ಉಂಡು ಹೊಲಕ್ಕೆ ಹೊರಡುವ ಮುಂಚೆ ಒಂದರ್ಧ ತಾಸು ಕುಂತು ಕೇಳು. ಪೂರ್ತಿ ಕೇಳುವವರೆಗೆ ಆ ತಂತಿಯ ಸುರುಳಿ ಬಿಚ್ಚಬೇಡ. ಇದೊಂದು ನನ್ನ ಮಾತು ನಡೆಸಿಕೊಡು.

ಭಾನುವಾರ ಫೋನಿನಲ್ಲಿ ನೀನು ಅಂದದ್ದು ಇನ್ನೂ ಕಿವಿಯಲ್ಲೇ ಇದೆ. "ನಿಮ್ಮಲ್ಲಿ ಜಿಂಕಿ ಹೊಡ್ಯಾಕ ಸರಕಾರನ ಲೈಸನ್ಸ್ ಕೊಡ್ತೈತಿ. ನಮ್ಮಲ್ಲಿ ಚಿಗರಿಗೆ ಒಂದು ಕಲ್ಲು ಒಗದ್ರ ಕೇಸು. ಹಂದಿಗೆ ನಾ ಎಷ್ಟ್ ದಿನಾ ಅಂತ ಡಬ್ಬಿ ಬಡೀಲಿ? ತಂತಿ ತಂದೀನಿ. ಈ ವಾರದಾಗ ಕರೆಂಟ್ ಕೊಡ್ತೀನಿ." ಆಗ ನನಗೆ ಬಾಯಿ ಬರಲಿಲ್ಲ. ನೀನು ಸಿಟ್ಟಿನಲ್ಲಿ ಆಡಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಈ ವರ್ಷ ನೀನು ಪಟ್ಟ ಕಷ್ಟ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಆಗಸ್ಟಿನ ನೆರೆಯಲ್ಲಿ ಮೊದಲಿನ ಬೆಳೆ ನೀರಲ್ಲಿ ನಿಂತು ಕೊಳೆಯಿತು. ಸೆಪ್ಟೆಂಬರಿನಲ್ಲಿ ಸಾಲ ಮಾಡಿ ಮತ್ತೆ ಬಿತ್ತಿದಿ. ಗೇಣುದ್ದ ಎದ್ದಾಗ ಸೈನಿಕ ಹುಳು ಸುಳಿಯೊಳಗೆ ಕೂತಿತು. (ಆ ಹುಳುವಿನ ಮೂಲ ಈ ಖಂಡವೇ ಅಣ್ಣ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲೇ.) ಹುಳುವಿನ ಹಿಂದೆ ಚಿಗರಿ ಬಂದವು, ಎಳೆ ಸಸಿ ಮೇಯಲಿಕ್ಕೆ. ಬೆಳೆ ಎದೆಮಟ್ಟ ಬಂದ ಮೇಲೆ ಚಿಗರಿ ಒಳಗೆ ಕಾಲಿಡುವುದಿಲ್ಲ, ಅದಕ್ಕೆ ಬಯಲೇ ಬೇಕು. ಈಗ ತೆನೆಯಲ್ಲಿ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿಯ ಸರದಿ. ಹೊಲದ ಸುತ್ತ ವೈನಿಯ ಹಳೇ ಸೀರೆ ಕಟ್ಟಿದಿ, ಪಟಾಕಿ ಹಚ್ಚಿದಿ, ಪರಿಹಾರಕ್ಕೆ ಫೋಟೊ ಸಮೇತ ಅರ್ಜಿ ಕೊಟ್ಟಿ. ಅಪ್ಪ ಹೋದ ಮೇಲೆ ಆ ಅಟ್ಟದ ಮೇಲೆ ಎಷ್ಟು ರಾತ್ರಿ ಒಬ್ಬನೇ ಕೂತಿದ್ದೀಯೋ, ಲೆಕ್ಕ ಇಟ್ಟವರು ಯಾರೂ ಇಲ್ಲ.

ಆದರೆ ಲೈಸನ್ಸಿನ ಮಾತು ತೆಗೆದಿಯಲ್ಲ, ಅದಕ್ಕೆ ಉತ್ತರ ಕೊಡಬೇಕು. ಈ ಸಲ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಬಾಡಿಗೆ ಮನೆಯ ಹಿಂದೆಯೇ ಮನೆ ಮಾಲೀಕರ ಹೊಲ. ನಲವತ್ತು ಎಕರೆ ಗೋವಿನಜೋಳ. ಹಿರಿಯರಿಗೆ ಎಪ್ಪತ್ತು ದಾಟಿದೆ, ಮಗಳೇ ಜೊತೆ ನಿಂತು ಹೊಲ ನೋಡಿಕೊಳ್ಳುತ್ತಾಳೆ. ಬೇರೆ ವರ್ಷವಾಗಿದ್ದರೆ ದೀಪಾವಳಿ ಮುಗಿಯುವ ಹೊತ್ತಿಗೆಲ್ಲ ಇಲ್ಲಿ ಮಷಿನ್ ಓಡಿ ಹೊಲ ಬೋಳಾಗಿರುತ್ತದೆ. ಈ ವರ್ಷ ಇವರದೂ ನಿನ್ನ ಹಾಗೆಯೇ. ವಸಂತದಲ್ಲಿ ಮಳೆ ಬಿಡದೆ ಬಿತ್ತನೆ ತಡವಾಯಿತು. ಅಕ್ಟೋಬರ್ 31ಕ್ಕೇ ಹಿಮ ಬಿತ್ತು. ಕಾಳು ಒಣಗಲೇ ಇಲ್ಲ. ನಾವು ಹೆದ್ದಾರಿಯ ಬದಿಗೆ ಹರವಿ ಬಿಸಿಲಿಗೆ ಒಣಗಿಸುತ್ತೇವೆ, ಇಲ್ಲಿ ಆ ಬಿಸಿಲಿಲ್ಲ. ತೇವ ನೂರಕ್ಕೆ ಹದಿನೈದರ ಹತ್ತಿರ ಇಳಿಯುವವರೆಗೆ ಗ್ಯಾಸ್ ಉರಿಸಿ ಬಿಸಿಗಾಳಿ ಹಾಯಿಸಬೇಕು, ಇಲ್ಲದಿದ್ದರೆ ಕಣಜದಲ್ಲಿ ಬೂಸಲು ಹಿಡಿಯುತ್ತದೆ. ಎಲ್ಲರದೂ ಒಮ್ಮೆಗೇ ಹಸಿಯಾಗಿದ್ದರಿಂದ ಈ ಭಾಗದ ರಾಜ್ಯಗಳಲ್ಲೆಲ್ಲ ಆ ಗ್ಯಾಸಿಗೇ ಬರ ಬಂತು. ಹಾಗಾಗಿ ಬೆಳೆ ಹೊಲದಲ್ಲೇ ನಿಂತಿದೆ. ಈಗಲೂ ಕಿಟಕಿಯಿಂದ ಕಾಣುತ್ತಿದೆ, ಒಣಗಿ ಬೂದಿ ಬಣ್ಣಕ್ಕೆ ತಿರುಗಿ, ಆಳೆತ್ತರ ಮೀರಿ.

ಅಂಥ ಹೊಲವೇ ಜಿಂಕೆಗೆ ಮನೆ. ಇಲ್ಲಿಯದು ಬಿಳಿಬಾಲದ ಜಿಂಕೆ, ನಮ್ಮ ಚಿಗರಿಗಿಂತ ಮೈಯಲ್ಲಿ ದೊಡ್ಡದು. ಗಂಡಿನ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬರುತ್ತದೆ. ಇದಕ್ಕೆ ಬಯಲು ಕಂಡರೆ ಅಂಜಿಕೆ, ಮರೆ ಬೇಕು. ಜೋಳದೊಳಗೆ ಮರೆಯೂ ಇದೆ, ಮೇವೂ ಇದೆ, ಮಲಗಲಿಕ್ಕೆ ಗಾಳಿ ತಾಗದ ಜಾಗವೂ ಇದೆ. ಹೊರಗೆ ಬರುವ ಅಗತ್ಯವೇ ಬೀಳುವುದಿಲ್ಲ. ಮಷಿನ್ ಓಡುವ ವರ್ಷಗಳಲ್ಲಿ ಸಾಲು ಕಡಿಮೆಯಾದಂತೆ ಅವು ಉಳಿದ ಪಟ್ಟಿಯೊಳಗೆ ಸರಿಯುತ್ತ ಹೋಗಿ, ಕಡೆಯ ನಾಲ್ಕಾರು ಸಾಲು ಬೀಳುವಾಗ ಬಾಣ ಬಿಟ್ಟ ಹಾಗೆ ಹೊರಗೆ ಚಿಮ್ಮುತ್ತವಂತೆ. ಈ ವರ್ಷ ಯಾವ ಸಾಲೂ ಬೀಳಲಿಲ್ಲ.

ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಹಂಗಾಮು ಈ ರಾಜ್ಯದಲ್ಲಿ ಒಂಬತ್ತು ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಹಬ್ಬದ ನಂತರದ ಭಾನುವಾರ ಮುಗಿಯುತ್ತದೆ. ಈ ಸಲ ನವೆಂಬರ್ 23ರಿಂದ ಡಿಸೆಂಬರ್ 1. ಐದೂವರೆ ಲಕ್ಷಕ್ಕೂ ಮಿಕ್ಕಿ ಜನ ಲೈಸನ್ಸ್ ತೆಗೆಸುತ್ತಾರೆ. ನಮ್ಮಲ್ಲಿ ಜಾತ್ರೆಗೆ ಊರು ಸೇರುವಂತೆ, ಪೇಟೆಗೆ ಹೋದ ಮಕ್ಕಳೆಲ್ಲ ಆ ವಾರ ಅಪ್ಪನ ಮನೆಗೆ ಬರುತ್ತಾರೆ. ಆದರೆ ಈ ಸಲ ಹೋದ ವರ್ಷಕ್ಕಿಂತ ಕಾಲುಭಾಗದಷ್ಟು ಕಡಿಮೆ ಬೇಟೆಯಾಗಿದೆ. ಹಬ್ಬ ತಡವಾಗಿ ಬಂದದ್ದೂ ಒಂದು ಕಾರಣ, ಕೊಯ್ಯದೆ ನಿಂತ ಜೋಳವೂ ಒಂದು ಕಾರಣ ಅನ್ನುತ್ತಾರೆ.

ಮೊದಲ ಶನಿವಾರ ಹಿರಿಯರು ನನ್ನನ್ನೂ ಕರೆದರು. "ರೈತನ ಮಗಳು ನೀನು, ನೋಡಬೇಕು" ಅಂದರು. ದೂರಕ್ಕೂ ಎದ್ದು ಕಾಣುವ ಕಿತ್ತಳೆ ಬಣ್ಣದ ಕೋಟು, ಟೊಪ್ಪಿಗೆ ಕೊಟ್ಟರು. ಇದು ಬೇಟೆಗಾರರಿಗೆ ಕಾನೂನು, ಬರಿಗೈಲಿ ಹೋಗುವ ನನಗೆ ಅವರ ಒತ್ತಾಯ. ಬೆಳಗಿನ ಕತ್ತಲೆಯಲ್ಲೇ ಹೊಲದ ಅಂಚಿಗೆ ಹೋದೆವು. ಅಲ್ಲಿ ಏನಿತ್ತು ಹೇಳು? ಅಟ್ಟ. ನಾಲ್ಕು ಕಂಬ, ಏಣಿ, ಮೇಲೆ ಹಲಗೆಯ ಗೂಡು. ನಮ್ಮಪ್ಪ ಹೊಂಗೆ ಮರದ ಮಗ್ಗುಲಿಗೆ ಕಟ್ಟಿದ್ದನಲ್ಲ, ಅದರ ಅಣ್ಣತಮ್ಮ. ಹತ್ತುವಾಗ ಮೂರನೇ ಮೆಟ್ಟಿಲು ಕಿರುಗುಟ್ಟಿತು, ನನ್ನ ಎದೆ ಅಲ್ಲೇ ಹಿಂಡಿತು. ಅಪ್ಪನ ಅಟ್ಟದಲ್ಲಿ ಕಂಬಳಿ, ಬ್ಯಾಟರಿ, ಕವಣೆ ಇರುತ್ತಿದ್ದವು. ಇವರದರಲ್ಲಿ ಕಂಬಳಿ, ಕಾಫಿಯ ಫ್ಲಾಸ್ಕ್, ಕೋವಿ. ಅಪ್ಪ ಪ್ರಾಣಿ ಬಾರದಿರಲಿ ಅಂತ ಕೂಗು ಹಾಕುತ್ತ ಕೂರುತ್ತಿದ್ದ, ಇವರು ಬರಲಿ ಅಂತ ಉಸಿರು ಬಿಗಿಹಿಡಿದು ಕೂರುತ್ತಾರೆ. ಇಷ್ಟೇ ವ್ಯತ್ಯಾಸ.

ದಿನವಿಡೀ ಕೂತೆವು. ಜೋಳದೊಳಗೆ ಎರಡು ಸಲ ದಂಟು ಮುರಿದ ಸಪ್ಪಳವಾಯಿತು, ಒಂದು ಸಲ ಸೋಗೆ ಅಲುಗಿತು. ಹಿರಿಯರು ಕೋವಿ ಮುಟ್ಟಲೂ ಇಲ್ಲ. ನಾನು ಪಿಸುಮಾತಿನಲ್ಲಿ ಕೇಳಿದೆ, "ಅಲ್ಲೇ ಇದೆಯಲ್ಲ?" ಅವರು ತಲೆಯಾಡಿಸಿ, "ಅಲ್ಲಿ ಏನೋ ಇದೆ. ಜಿಂಕೆ ಇದೆ ಅಂತ ನಾನು ಹೇಳಲಾರೆ" ಅಂದರು. ನಿಂತ ಜೋಳದ ಕಡೆಗೆ ಗುಂಡು ಹಾರಿಸುವುದಿಲ್ಲ, ಅದು ಇವರ ಮನೆತನದ ಕಟ್ಟುನಿಟ್ಟು. ಪ್ರಾಣಿ ತಾನಾಗಿ ಹೊರಗೆ ಬಂದು, ಹುಲ್ಲಿನ ಪಟ್ಟಿಯಲ್ಲಿ ನಿಂತು, ಅದರ ಹಿಂದೆ ದಿಬ್ಬದ ಮಣ್ಣು ಕಂಡರೆ ಮಾತ್ರ. ಬರಲಿಲ್ಲ. ಸಂಜೆ ಇಳಿದು ಮನೆಗೆ ಹೋದೆವು.

ಬುಧವಾರ ಜೋರು ಗಾಳಿ ಎದ್ದಿತು. ಮನೆಯ ಮೇಲಿನ ತಗಡು ಹಾರಿಹೋಗುವಂಥ ಗಾಳಿ. ಹಿರಿಯರ ಮಗಳು ಬಂದು ಬಾಗಿಲು ಬಡಿದಳು, "ಒಳಗೆ ಹೋಗಲಿಕ್ಕೆ ಇಂಥ ದಿನ ಮತ್ತೆ ಸಿಗುವುದಿಲ್ಲ." ಒಣಗಿದ ಜೋಳದಲ್ಲಿ ಕಾಲಿಟ್ಟರೆ ಎಷ್ಟು ಸಪ್ಪಳ ಅಂತ ನಿನಗೆ ಹೇಳಬೇಕಾಗಿಲ್ಲ, ಹಂಚಿನ ಮೇಲೆ ನಡೆದ ಹಾಗೆ. ಗಾಳಿ ಬಂದರೆ ಇಡೀ ಹೊಲವೇ ಸದ್ದು ಮಾಡುತ್ತದೆ, ಆ ಸದ್ದಿನಡಿ ನಮ್ಮ ಹೆಜ್ಜೆ ಮುಚ್ಚಿಹೋಗುತ್ತದೆ. ನಮ್ಮ ವಾಸನೆ ಅವಕ್ಕೆ ಸಿಗದಂತೆ ಗಾಳಿಗೆ ಎದುರಾಗಿ ಹೊಕ್ಕೆವು. ಅವಳ ಹಿಂದೆ ನಾನು, ಒಂದು ಮಾರು ಬಿಟ್ಟು.

ಸಾಲಿನ ಉದ್ದಕ್ಕೆ ನಡೆಯುವುದಲ್ಲ ಅಣ್ಣ, ಅಡ್ಡ ನಡೆಯುವುದು. ಸಾಲಿಂದ ಸಾಲಿಗೆ ಎರಡೂವರೆ ಅಡಿ. ಎರಡು ದಂಟಿನ ನಡುವೆ ಮೆಲ್ಲಗೆ ತಲೆಯೊಂದನ್ನೇ ತೂರಿಸಬೇಕು. ಎಡಕ್ಕೆ ಸಾಲಿನುದ್ದಕ್ಕೂ ನೋಡಬೇಕು, ಬಲಕ್ಕೆ ನೋಡಬೇಕು. ಏನೂ ಇಲ್ಲವೆಂದರೆ ಒಂದು ಹೆಜ್ಜೆ. ಮತ್ತೆ ತಲೆ, ಮತ್ತೆ ಎಡ, ಮತ್ತೆ ಬಲ. ಗಾಳಿ ನಿಂತರೆ ನಾವೂ ನಿಲ್ಲಬೇಕು, ಒಂದು ಕಾಲು ಎತ್ತಿದ್ದರೆ ಎತ್ತಿದ ಹಾಗೇ. ಒಂದೆಕರೆ ದಾಟಲು ಅರ್ಧ ತಾಸು. ಸೋಗೆಯ ಅಂಚು ಕೆನ್ನೆಗೆ ಗೀರಿ ಗೀರಿ ಉರಿಯುತ್ತಿತ್ತು, ನಾವು ಸಣ್ಣವರಿದ್ದಾಗ ತೆನೆ ಮುರಿಯಲಿಕ್ಕೆ ಹೋಗಿ ಬಂದ ರಾತ್ರಿ ಉರಿಯುತ್ತಿದ್ದ ಹಾಗೆಯೇ. ನೆಲದ ಮೇಲೆ ತಿಂದು ಬಿಟ್ಟ ಬೆಂಡು, ಅಲ್ಲಲ್ಲಿ ಹುಲ್ಲು ಒತ್ತಿ ಮಲಗಿದ ಗುರುತು. ಒಂದು ಗುರುತಿನ ಮೇಲೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು.

ಎಷ್ಟನೆಯ ಸಾಲೋ. ಅವಳು ತಲೆ ತೂರಿಸಿದವಳು ಹಾಗೇ ನಿಂತಳು. ಕೈ ಹಿಂದೆ ಮಾಡಿ ಬೆರಳು ಸನ್ನೆ ಮಾಡಿ ಕರೆದಳು. ನಾನೂ ಪಕ್ಕದ ಸಂದಿಯಲ್ಲಿ ಮುಖ ಇಟ್ಟೆ. ಎಂಟು ಮಾರು ದೂರದಲ್ಲಿ ಹೆಣ್ಣು ಜಿಂಕೆ ಮಲಗಿ ಮೆಲುಕು ಹಾಕುತ್ತಿತ್ತು. ಬೆನ್ನ ಮೇಲೆ ಸೋಗೆಯ ಚೂರು ಅಂಟಿದ್ದವು. ಗಾಳಿ ಬಂದಾಗಲೆಲ್ಲ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗುತ್ತಿತ್ತು. ಅದರ ಮಗ್ಗುಲಿಗೆ ಈ ವರ್ಷದ ಮರಿ, ಅರ್ಧ ಬೆಳೆದದ್ದು, ತಾಯಿಯ ಬೆನ್ನಿಗೆ ಗದ್ದ ಊರಿ ಕಣ್ಣು ಮುಚ್ಚಿತ್ತು. ಅವಳ ಹತ್ತಿರ ಹೆಣ್ಣು ಜಿಂಕೆಗೂ ಚೀಟಿ ಇತ್ತು. ಕೋವಿ ಎದೆಗೆ ಅಡ್ಡವಾಗಿತ್ತು. ಎತ್ತಲಿಲ್ಲ. ಬಹಳ ಹೊತ್ತು ನೋಡಿದಳು, ಜಿಂಕೆಯನ್ನಲ್ಲ, ಅದರ ಆಚೆಯ ಸಾಲನ್ನು. ಆಮೇಲೆ ತಲೆ ಹಿಂದಕ್ಕೆ ತೆಗೆದಳು. ಬಂದ ದಾರಿಯಲ್ಲೇ ಹೊರಗೆ ಬಂದೆವು.

ಹೊರಗೆ ಬಂದ ಮೇಲೆ ಕೇಳಿದೆ, ಮರಿ ನೋಡಿ ಬಿಟ್ಟೆಯಾ ಅಂತ. "ಅಲ್ಲ. ಆ ಸಾಲಿನ ತುದಿ ನನಗೆ ಕಾಣಲಿಲ್ಲ" ಅಂದಳು. ಕೋವಿಯ ಗುಂಡು ತಪ್ಪಿದರೆ ಮೈಲಿ ದಾಟಿ ಹೋಗಬಲ್ಲದು. ಇಲ್ಲಿ 1973ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಸಾಮಾನ್ಯವಾಗಿ ಪಾಠ ಕಲಿತು ಪಾಸಾಗದೆ ಲೈಸನ್ಸ್ ಸಿಗುವುದಿಲ್ಲ. ಆ ಪಾಠದಲ್ಲಿ ಇದೂ ಒಂದು: ಹೊಡೆಯುವುದು ಯಾವುದಕ್ಕೆ ಅನ್ನುವುದಷ್ಟೇ ಅಲ್ಲ, ಅದರ ಹಿಂದೆ ಏನಿದೆ ಅನ್ನುವುದೂ ಕಾಣಬೇಕು. ಮನಸ್ಸು ತಡೆಯದೆ ನಾನು ಹೊಲ ಸುತ್ತು ಹಾಕಿ ಆ ಸಾಲಿನ ತುದಿಗೆ ಹೋಗಿ ನೋಡಿದೆ. ಏನೂ ಇರಲಿಲ್ಲ ಅಣ್ಣ. ಬರೀ ಹುಲ್ಲು, ಒಂದು ಕಲ್ಲು. ಅವಳಿಗೆ ಹೇಳಿದೆ, ಏನೂ ಇರಲಿಲ್ಲ ಅಂತ. ಆಗಲಿ ಬಿಡು ಅಂದು ಕೋವಿಯಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡಳು.

ಶನಿವಾರ ಸಂಜೆ ಹಿರಿಯರಿಗೆ ಒಂದು ಗಂಡು ಸಿಕ್ಕಿತು. ಜೋಳದ ಮೂಲೆಯಿಂದ ಹೊರಗೆ ಬಂದು, ಹುಲ್ಲಿನಲ್ಲಿ ನಿಂತು, ಅಡವಿಯ ಕಡೆ ಮೂಗು ಎತ್ತಿತ್ತಂತೆ. ಒಂದೇ ಗುಂಡು. ನಾನು ಹೋಗುವ ಹೊತ್ತಿಗೆ ಅವರು ಮೊಣಕಾಲೂರಿ, ತೋಳೇರಿಸಿ, ಹೊಟ್ಟೆ ಬಗೆಯುತ್ತಿದ್ದರು. ಹಬೆ ಏಳುತ್ತಿತ್ತು. ನನಗೆ ನೋಡಲಾಗದು ಅಂದುಕೊಂಡಿದ್ದೆ, ನೋಡಿದೆ. ಮಗಳು ಜಠರವನ್ನು ಚಾಕುವಿನ ತುದಿಯಿಂದ ಸೀಳಿ ತೋರಿಸಿದಳು. ಒಳಗೆ ಹಳದಿ ಕಾಳು, ಬೊಗಸೆಗಟ್ಟಲೆ. ಕೆಲವು ಅಗಿದದ್ದು, ಕೆಲವು ಇಡಿಯಾಗಿ ಹೊಳೆಯುತ್ತಿದ್ದವು. ಹಿರಿಯರು ಅದರಲ್ಲೊಂದು ಕಾಳು ಎತ್ತಿ ಉಗುರಿನಿಂದ ಒತ್ತಿ, "ಇನ್ನೂ ಹಸಿ ಇದೆ" ಅಂದರು. ಪ್ರಾಣಿಯ ಹೊಟ್ಟೆಯಿಂದ ತೆಗೆದ ಕಾಳಿನಲ್ಲೂ ಒಕ್ಕಲಿಗ ತೇವವನ್ನೇ ನೋಡುತ್ತಾನೆ. ಅಪ್ಪನಿದ್ದರೂ ಅದನ್ನೇ ನೋಡುತ್ತಿದ್ದ.

ಮಾಂಸ ಈಗ ಅವರ ಫ್ರೀಜರಿನಲ್ಲಿದೆ, ಇನ್ನೂ ಮುಟ್ಟಿಲ್ಲ. ಈ ಕಡೆ ಜಿಂಕೆಗಳಿಗೆ ಮೈ ಸೊರಗಿ ಸಾಯುವ ಒಂದು ರೋಗವಿದೆ. ವಿಸ್ಕಾನ್ಸಿನ್ನಿನಲ್ಲಿ 2002ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಈ ಮೌಂಟ್ ಹೋರೆಬ್ಬಿನ ಸುತ್ತಮುತ್ತಲೇ. ಮನುಷ್ಯರಿಗೆ ಅಂಟಿದ್ದು ಈವರೆಗೆ ಕಂಡಿಲ್ಲ. ಆದರೂ ಪರೀಕ್ಷೆಗೆ ಕೊಟ್ಟು, ರೋಗವಿಲ್ಲ ಅಂತ ಬಂದ ಮೇಲೆಯೇ ತಿನ್ನಿ ಅನ್ನುತ್ತಾರೆ. ಈ ರೋಗದಿಂದಾಗಿ ನಮ್ಮ ಕೌಂಟಿಯಲ್ಲಿ ಜಿಂಕೆಗೆ ಕಾಳು ತಂದು ಸುರಿಯುವುದು ಅಪರಾಧ, ಒಂದೇ ಗುಡ್ಡೆಗೆ ಹತ್ತು ಜಿಂಕೆ ಬಾಯಿ ಹಾಕುತ್ತವೆ ಅಂತ. ಬೆಳೆದು ನಿಂತ ಬೆಳೆಗೆ ಆ ಕಾನೂನಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಒಂದು ವಿಷಯದಲ್ಲಿ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಜಿಂಕೆ ಬೆಳೆ ತಿಂದರೆ ರೈತನಿಗೆ ಕೊಡುವ ಪರಿಹಾರಕ್ಕೆ ಬೇಟೆಗಾರರು ಲೈಸನ್ಸಿಗೆ ಕಟ್ಟಿದ ಹಣದಲ್ಲೇ ಒಂದು ಪಾಲು ಬರುತ್ತದೆ. ಪರಿಹಾರ ಬೇಕಾದ ರೈತ ಬೇರೆಯವರಿಗೂ ತನ್ನ ಹೊಲದಲ್ಲಿ ಬೇಟೆಗೆ ಬಿಡಬೇಕು. ಮೊದಲ 500 ಡಾಲರ್ ನಷ್ಟ ಅವನದೇ, 10,000 ಡಾಲರಿನ ಮೇಲೆ ಸಿಗುವುದಿಲ್ಲ. ಇದರಲ್ಲೂ ಕೊರತೆಗಳಿವೆ, ಹಿರಿಯರು ಗೊಣಗುತ್ತಲೇ ಇರುತ್ತಾರೆ. ಆದರೂ ಜಿಂಕೆ ಇಡೀ ರಾಜ್ಯದ್ದಾದ ಮೇಲೆ ಅದರ ಮೇವಿನ ಖರ್ಚು ಒಬ್ಬ ರೈತನ ತಲೆಗೆ ಬೀಳಬಾರದು ಅನ್ನುವುದು ಅದರೊಳಗಿದೆ. ನಮ್ಮಲ್ಲಿ 1974ರಲ್ಲಿ ರಾಣೆಬೆನ್ನೂರಿನ ಅಭಯಾರಣ್ಯ ಮಾಡಿ ಚಿಗರಿ ಉಳಿಸಿದರು. ಉಳಿಸಿದ್ದು ಒಳ್ಳೆಯದೇ, ನೀನೂ ಅದನ್ನೇ ಅನ್ನುತ್ತೀಯ. ಉಳಿದ ಚಿಗರಿಗೆ ಉಣ್ಣಿಸಿದವರು ಮಾತ್ರ ಸುತ್ತಲಿನ ಹಳ್ಳಿಯವರು, ನಿನ್ನಂಥವರು. ಆ ಸಂಕಟ ನಿಜ. ಅದಕ್ಕಾಗಿ ನೀನು ಎಲ್ಲಿ ಜಗಳಕ್ಕೆ ನಿಂತರೂ ನಾನು ನಿನ್ನ ಕಡೆ.

ಆದರೆ ಲೈಸನ್ಸ್ ಅಂದರೆ ಕೊಲ್ಲುವ ಸಲೀಸಲ್ಲ ಅಣ್ಣ. ಇಲ್ಲಿ ಒಂಬತ್ತು ದಿನ ನಾನು ನೋಡಿದ್ದರಲ್ಲಿ ಮುಕ್ಕಾಲುಪಾಲು ಹೊಡೆಯದೆ ಇದ್ದದ್ದೇ. ಕಾಣದ ಕಡೆಗೆ ಹೊಡೆಯಲಿಲ್ಲ. ಕತ್ತಲಾದ ಮೇಲೆ ಹೊಡೆಯಲಿಲ್ಲ. ನೀನು ಹಾಕುತ್ತೇನೆ ಅನ್ನುವ ತಂತಿಗೆ ಕಣ್ಣಿಲ್ಲ. ಅದು ರಾತ್ರಿಯಿಡೀ ಹೊಲದ ನಾಲ್ಕೂ ದಿಕ್ಕಿಗೆ ಗುಂಡು ಹಾರಿಸುತ್ತ ನಿಂತ ಕೋವಿ. ಹಿಡಿದವರು ಯಾರೂ ಇಲ್ಲ, ನೋಡುವವರು ಯಾರೂ ಇಲ್ಲ.

ಆಚೆ ಊರಿನ ಆ ಹುಡುಗನನ್ನು ಮರೆತಿಯಾ? ನಾನು ಪಿಯುಸಿಯಲ್ಲಿದ್ದೆ. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು, ನೀರು ಹಾಯಿಸಲಿಕ್ಕೆ ಅಪ್ಪನ ಬದಲು ತಾನು ಹೊರಟವನು. ಕೈಯಲ್ಲಿ ಬ್ಯಾಟರಿ ಇತ್ತು, ಅದರ ಬೆಳಕಿಗೆ ದಾರಿ ಕಂಡಿತು, ಮೊಣಕಾಲಿನ ಕೆಳಗಿನ ತಂತಿ ಕಾಣಲಿಲ್ಲ. ತಂತಿ ಕಟ್ಟಿದವನು ಅವನ ಸೋದರಮಾವನೇ. ಬೆಳಿಗ್ಗೆ ನೀನೇ ಅಪ್ಪನ ಜೊತೆ ಹೋಗಿ ನೋಡಿ ಬಂದು, ಎರಡು ದಿನ ಅನ್ನ ಬಿಟ್ಟಿದ್ದಿ. ಇವತ್ತು ನಮ್ಮ ಹೊಲದ ಬದುವಿನ ಮೇಲೆ ಕತ್ತಲಲ್ಲಿ ಯಾರು ಓಡಾಡುತ್ತಾರೆ ಹೇಳು? ಮೋಟರು ಚಾಲೂ ಮಾಡಲಿಕ್ಕೆ ಹೋಗುವ ಸಣ್ಣವ. ನೀನು ಮೊಬೈಲ್ ಮರೆತು ಹೋದರೆ ಕೊಟ್ಟು ಬರಲಿಕ್ಕೆ ಬರುವ ವೈನಿ. ಕುರಿ ಹೊಡೆದುಕೊಂಡು ಬಂದು ಹೊಲದಲ್ಲಿ ಹಟ್ಟಿ ಹಾಕುವವರು. ಜೋಳದ ಒಳಗೆ ಸಪ್ಪಳವಾದರೆ ಹಂದಿಯೇ ಅಂತ ನೀನೂ ಹೇಳಲಾರೆ.

ನನಗೆ ತೋಚಿದ್ದು ಬರೆಯುತ್ತೇನೆ, ಒಪ್ಪದಿದ್ದರೆ ಬೈ. ಸೋಲಾರ್ ಝಟಕಾ ಮಷಿನ್ ಹಾಕಿಸು. ಅದು ಮನೆಯ ಕರೆಂಟಿನ ಹಾಗೆ ಹಿಡಿದುಕೊಳ್ಳುವುದಿಲ್ಲ, ತಟ್ಟನೆ ಒಮ್ಮೆ ಹೊಡೆದು ಬಿಡುತ್ತದೆ. ಗೊತ್ತಿದ್ದವರ ಕೈಯಿಂದಲೇ ಹಾಕಿಸು, ನೀನೇ ತಂತಿ ಜೋಡಿಸಲಿಕ್ಕೆ ಹೋಗಬೇಡ. ಅದಕ್ಕೆ ಬೇಕಾದ ಹಣ ನಿನ್ನೆಯೇ ನಿನ್ನ ಖಾತೆಗೆ ಹಾಕಿದ್ದೇನೆ. ಸಾಲವಲ್ಲ. ಅಪ್ಪನ ಹೊಲದಲ್ಲಿ ನನ್ನದೂ ಬೆವರಿದೆ, ಬೇಡ ಅನ್ನಬೇಡ.

ಇನ್ನೊಂದು. ಅಪ್ಪನ ಕಾಲದಲ್ಲಿ ನಾಲ್ಕು ಹೊಲದವರು ಪಾಳಿ ಹಚ್ಚಿ ಕಾಯುತ್ತಿದ್ದರು, ನೆನಪಿದೆಯಲ್ಲ? ಒಬ್ಬ ಕೂಗಿದರೆ ಇನ್ನೊಬ್ಬ ಮಾರುತ್ತರ ಕೂಗುತ್ತಿದ್ದ. ವಾರದಲ್ಲಿ ಎರಡು ರಾತ್ರಿ ಅಪ್ಪ ಮನೆಯಲ್ಲಿ ಮಲಗುತ್ತಿದ್ದ. ಈಗ ಬದುವಿನ ಜಗಳಕ್ಕೆ ಮಗ್ಗುಲ ಹೊಲದವರ ಜೊತೆ ಮಾತು ಬಿಟ್ಟು ಮೂರು ವರ್ಷ. ಅವರ ಜೋಳಕ್ಕೂ ಇದೇ ಹಂದಿ ಹೋಗುತ್ತವೆ. ನೀನಾಗಿ ಒಂದು ಸಲ ಅವರ ಕಟ್ಟೆಗೆ ಹೋಗಿ ಕೂಡು. ಒಂದು ಹೆಜ್ಜೆ ಮುಂದಿಟ್ಟರೆ ನೀನು ಸಣ್ಣವನಾಗುವುದಿಲ್ಲ. ನಿನಗೆ ನಿದ್ದೆ ಬೇಕು ಅಣ್ಣ. ಎರಡು ತಿಂಗಳಿಂದ ನಿನ್ನ ದನಿ ಅಪ್ಪನ ಕಡೆಗಾಲದ ದನಿಯ ಹಾಗೆ ಕೇಳುತ್ತಿದೆ.

ಜನವರಿ 10ಕ್ಕೆ ಟಿಕೆಟ್ ಆಗಿದೆ. ರಾಶಿಗೆ ನಾನೂ ಇರುತ್ತೇನೆ. ಅಷ್ಟರೊಳಗೆ ಮುರಿದು ಮುಗಿಸಬೇಡ, ಎರಡು ಸಾಲಾದರೂ ನನಗೆ ಬಿಡು. ಅವ್ವನ ಮೊಣಕಾಲಿಗೆ ಎಣ್ಣೆ ತರುತ್ತೇನೆ, ಸಣ್ಣವನಿಗೆ ಬೂಟಿನ ಅಳತೆ ಕಳಿಸಲಿಕ್ಕೆ ಹೇಳು.

ತಂತಿಯ ಸುರುಳಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರೆ ಕೊಟ್ಟು ಬಾ. ತೆಗೆದುಕೊಳ್ಳದಿದ್ದರೆ ವೈನಿಯ ಕೈಗೆ ಕೊಡು. ಹಿತ್ತಲಲ್ಲಿ ಅರಿವೆ ಒಣಹಾಕುವ ಹಗ್ಗ ಹರಿದಿದೆ ಅಂತ ಹೋದ ಸಲ ಅಂದಿದ್ದಳು. ಅಲ್ಲಿ ಬಿಗಿದು ಕಟ್ಟಲಿ. ಕಟ್ಟಿ, ಅದರ ಮೇಲೆ ಅರಿವೆ ಹಾಕಿದ ಮೇಲೆ ಒಂದು ಫೋಟೊ ಕಳಿಸಲಿಕ್ಕೆ ಹೇಳು. ನಾನು ಫೋನು ಹಿಡಿದೇ ಕೂತಿರುತ್ತೇನೆ.

ನಿನ್ನ ತಂಗಿ